ಅನ್ಸೆಲ್ಮಾ ಕುಣಿದ ಸುದ್ದಿ

ಲಾ ತಿನಾಹಾ ಎಂಬ ಊರಿನಲ್ಲಿ ಎರಡು ಗಿರಣಿಗಳಿದ್ದವು. ಬಸ್ ನಿಲ್ದಾಣದ ಹತ್ತಿರದ್ದು ಹೊಸದು. ಅಲ್ಲಿ ಬೀಸಿಸಿದರೆ ರೊಟ್ಟಿಯ ಕಣಕ ಬೆಣ್ಣೆಯ ಹಾಗೆ ಬರುತ್ತಿತ್ತು. ಚರ್ಚಿನ ಹಿಂದಿನ ಬೀದಿಯದು ದೊಮಿತಿಲಾಳ ಗಿರಣಿ. ಅವಳ ಅಪ್ಪನ ಕಾಲದ ಯಂತ್ರ, ಹೊಗೆ ಕಾರುತ್ತಿತ್ತು, ತಿಂಗಳಿಗೊಮ್ಮೆ ಪಟ್ಟಿ ಹರಿಯುತ್ತಿತ್ತು. ಆದರೂ ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಹಾಕಿದ ಮೆಕ್ಕೆಜೋಳವನ್ನು ಬಕೆಟ್ಟಿನಲ್ಲಿ ತುಂಬಿಕೊಂಡು ಊರಿನ ಹೆಂಗಸರು ಬೆಳಿಗ್ಗೆ ಆರಕ್ಕೆಲ್ಲ ಬಂದು ಸಾಲು ನಿಲ್ಲುತ್ತಿದ್ದುದು ಇಲ್ಲಿಯೇ. ಅದಕ್ಕೆ ಕಾರಣ ದೊಮಿತಿಲಾಳ ಬಾಯಿ.

ಒಂದು ಸಂಗತಿ ಕೈಗೆ ಸಿಕ್ಕರೆ ಅದನ್ನು ಒರೆಸಿ, ಹೊಳಪು ಕೊಟ್ಟು, ಮೆಲ್ಲಗೆ ತಿರುಗಿಸಿ ತಿರುಗಿಸಿ ತೋರಿಸುವವಳು ಅವಳು. ಯಾರದೋ ಕತ್ತೆ ಬಾವಿಗೆ ಬಿದ್ದದ್ದನ್ನು ಹೇಳಿದರೂ ಸಾಲಿನಲ್ಲಿದ್ದವರಿಗೆ ಕತ್ತೆಯ ಮುಖವೇ ಕಣ್ಣಿಗೆ ಕಟ್ಟುತ್ತಿತ್ತು. ಯಂತ್ರದ ಗದ್ದಲವನ್ನು ಮೀರಿಸಿ ಮಾತಾಡಿ ಮಾತಾಡಿ ಅವಳ ದನಿ ಗಂಡಸರ ದನಿಯಷ್ಟು ದಪ್ಪವಾಗಿತ್ತು. ಗಂಡ ಇಲಾರಿಯೊನಿಗೆ ಅದೇ ಗದ್ದಲದಿಂದ ಕಿವಿ ಮಂದವಾಗಿತ್ತು. ಮನೆಯಲ್ಲಿ ಕೇಳುವವರಿಲ್ಲದ್ದಕ್ಕೇ ಗಿರಣಿಯಲ್ಲಿ ಇಷ್ಟು ಸುರಿಯುತ್ತಾಳೆ ಎಂದು ಊರವರು ನಗುತ್ತಿದ್ದರು.

ಅವಳಿಗೆ ಇಬ್ಬರು ಗೆಳತಿಯರು. ಮೂವರೂ ಒಂದೇ ದಿನ ಬಿಳಿ ಲಂಗ ತೊಟ್ಟು ಚರ್ಚಿನಲ್ಲಿ ಮೊದಲ ಪ್ರಸಾದ ತೆಗೆದುಕೊಂಡವರು, ಈಗ ಐವತ್ತು ದಾಟಿದವರು. ಕ್ರಿಸ್ಪಿನಾ ಮನೆಯ ಒಲೆಯಲ್ಲಿ ಬ್ರೆಡ್ಡು ಸುಟ್ಟು ಮಾರುತ್ತಿದ್ದಳು. ದಢೂತಿ ಹೆಂಗಸು, ತಮಾಷೆಯವಳು. ಅನ್ಸೆಲ್ಮಾ ವಿಧವೆ. ಅವಳ ಗಂಡ ಲಾರಿ ಉರುಳಿ ಸತ್ತು ಹದಿನಾಲ್ಕು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಊರೆಲ್ಲ ಗೌರವದಿಂದ ದೋನ್ಯಾ ಎಂದು ಕರೆಯುವ ಅತ್ತೆ ಬ್ರಿಹಿದಾಳ ಮನೆಯಲ್ಲೇ ಉಳಿದು, ಅವಳ ಔಷಧಿ, ಊಟ, ಕೋಳಿಗಳು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಳು. ಕಪ್ಪು ಬಟ್ಟೆ ಬಿಟ್ಟು ಬೂದು ಬಣ್ಣಕ್ಕೆ ಬಂದದ್ದೇ ಎಂಟನೆಯ ವರ್ಷದಲ್ಲಿ. ಬಟ್ಟೆಯಿಂದ ಎಳೆ ಕಿತ್ತು ಜಾಲರಿ ಹೆಣೆಯುವ ಕಸೂತಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಚರ್ಚಿನ ಪೀಠದ ಬಟ್ಟೆಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡುವ ಕೆಲಸ ಅವಳದೇ. ಆ ಬಟ್ಟೆಗಳ ಬೀರುವಿನ ಕೀಲಿಕೈ ಸದಾ ಅವಳ ಕೊರಳಲ್ಲಿರುತ್ತಿತ್ತು.

ಆ ವರ್ಷ ಅಕ್ಟೋಬರಿನಲ್ಲಿ ರಾಜಧಾನಿಯಲ್ಲಿದ್ದ ಕ್ರಿಸ್ಪಿನಾಳ ತಂಗಿಮಗಳು ಮರಿಸೆಲಾ, ಮಗುವಿನ ಜ್ಞಾನಸ್ನಾನಕ್ಕೆ ಬಾ ಎಂದು ಕರೆದಳು. ಕ್ರಿಸ್ಪಿನಾಳಿಗೆ ಒಬ್ಬಳೇ ಹೋಗಲು ಧೈರ್ಯ ಸಾಲದು.

"ಮೂರು ಜನಾನೂ ಹೋಗೋಣ ಬನ್ರೇ. ಸಾಯೋ ಮುಂಚೆ ಒಂದ್ಸಲ ನೋಡ್ಕೊಂಡು ಬರೋಣ," ಎಂದಳು.

"ನಮ್ಮತ್ತೆ ಏನಂತಾರೋ," ಎಂದಳು ಅನ್ಸೆಲ್ಮಾ.

"ಜ್ಞಾನಸ್ನಾನಕ್ಕೆ ಹೋಗ್ಬೇಡ ಅಂದ್ರೆ ಪಾಪ ಸುತ್ಕೊಳ್ಳತ್ತೆ ಅಂತ ಹೇಳ್ತೀನಿ ಬಿಡು," ಎಂದು ದೊಮಿತಿಲಾ ತಾನೇ ಹೋಗಿ ದೋನ್ಯಾ ಬ್ರಿಹಿದಾಳನ್ನು ಒಪ್ಪಿಸಿ ಬಂದಳು. ಅನ್ಸೆಲ್ಮಾ ಹೊರಟದ್ದೇ ದೊಮಿತಿಲಾಳ ಮಾತಿನ ಬಲದಿಂದ.

ಎಂಟೂವರೆ ಗಂಟೆಯ ಬಸ್ ದಾರಿ. ಇಳಿದ ಗಳಿಗೆಯಿಂದ ದೊಮಿತಿಲಾ ತನ್ನ ಕೈಚೀಲವನ್ನು ಎದೆಗೆ ಒತ್ತಿ ಹಿಡಿದವಳು ನಾಲ್ಕು ದಿನವೂ ಬಿಡಲಿಲ್ಲ. ಮೆಟ್ರೊದೊಳಗೆ ಜನ ಮೂಟೆ ಒಟ್ಟಿದ ಹಾಗೆ ನಿಂತಿದ್ದರು. ಆ ಇಕ್ಕಟ್ಟಿನಲ್ಲೂ ಒಬ್ಬ ಹುಡುಗಿ ಚಮಚದ ಅಂಚಿನಿಂದ ರೆಪ್ಪೆಗೂದಲನ್ನು ಮೇಲಕ್ಕೆ ಬಾಗಿಸಿಕೊಳ್ಳುತ್ತಿದ್ದಳು; ಗಾಡಿ ಜರ್ರೆಂದು ಎಳೆದರೂ ಕೈ ಅಲುಗಲಿಲ್ಲ. ಒಬ್ಬ ಸೂಜಿಪೊಟ್ಟಣ ಮಾರುತ್ತ ಬಂದ, ಅವನ ಹಿಂದೆ ಕುರುಡನೊಬ್ಬ ಹಾಡುತ್ತ ಬಂದ, ಅವನ ಹಿಂದೆ ಬೆನ್ನುನೋವಿನ ಮುಲಾಮು ಹೊಗಳುತ್ತ ಇನ್ನೊಬ್ಬ. ದೊಮಿತಿಲಾ ಎಲ್ಲವನ್ನೂ ಒಳಗೊಳಗೇ ಜೋಡಿಸಿಟ್ಟುಕೊಳ್ಳುತ್ತಿದ್ದಳು. ಇದನ್ನು ಗಿರಣಿಯಲ್ಲಿ ಹೀಗೆ ಶುರುಮಾಡಬೇಕು, ಚಮಚದ ಹುಡುಗಿಯನ್ನು ಕೊನೆಗೆ ತರಬೇಕು ಎಂದು.

ಮರಿಸೆಲಾಳ ಮನೆ ಮೂರನೆಯ ಮಹಡಿಯಲ್ಲಿತ್ತು. ಬೆಳಿಗ್ಗೆ ಎದ್ದರೆ ಕೆಳಗಿನ ಬೀದಿಯಲ್ಲಿ ತಮಾಲೆ ಕಡುಬು ಮಾರುವವನು ಕೂಗುತ್ತಿದ್ದ, ಅವನ ದನಿಯನ್ನು ಮೀರಿಸಿ ಹಳೇ ಕಬ್ಬಿಣದವನು ಕೂಗುತ್ತಿದ್ದ, ಸಾಣೆ ಹಿಡಿಯುವವನು ಪೀಪಿ ಊದುತ್ತಿದ್ದ. ಕ್ರಿಸ್ಪಿನಾ ಮಗುವನ್ನೆತ್ತಿಕೊಂಡು, "ಇಲ್ಲಿ ಸತ್ತವರೂ ನಿದ್ದೆ ಮಾಡೋಕಾಗಲ್ಲ ಕಣ್ರೇ," ಎನ್ನುತ್ತಿದ್ದಳು. ಅನ್ಸೆಲ್ಮಾ ಮಾತ್ರ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಎದುರು ಮನೆಯ ಮಾಳಿಗೆಯಲ್ಲಿ ಮುದುಕನೊಬ್ಬ ಪಾರಿವಾಳಗಳಿಗೆ ಕಾಳು ಎರಚುವುದನ್ನು ಅವಳು ಮೂರು ಬೆಳಗೂ ನೋಡಿದಳು. ಪೇಟೆಯಲ್ಲಿ ಮಸಾಲೆಯ ಗುಡ್ಡೆಗಳ ಮುಂದೆ ನಿಂತಳು, ತೇರಿನಂತೆ ಒಂದು ಕಡೆ ವಾಲಿದ ಹಳೆಯ ಚರ್ಚಿನ ಮುಂದೆ ನಿಂತಳು, ಬೂಟು ಒರೆಸುವವನೊಬ್ಬ ಬಟ್ಟೆಯನ್ನು ಟಪಟಪ ಬಡಿಯುತ್ತ ತಾಳ ಹಾಕುವುದನ್ನು ನೋಡುತ್ತ ನಿಂತಳು.

"ನಡಿಯೇ, ಕಾಲು ಬೇರು ಬಿಟ್ವಾ?" ಎಂದು ದೊಮಿತಿಲಾ ತೋಳು ಹಿಡಿದು ಎಳೆಯುವಳು.

"ತಾಳೇ, ನೋಡ್ತೀನಿ," ಎನ್ನುವಳು ಅನ್ಸೆಲ್ಮಾ.

ಶನಿವಾರ ಮಧ್ಯಾಹ್ನ ಮರಿಸೆಲಾ ಅವರನ್ನು ಒಂದು ಚೌಕಕ್ಕೆ ಕರೆದೊಯ್ದು, ಕೇಕಿನ ಅಂಗಡಿಗೆ ಹೋಗಿ ಬರುತ್ತೇನೆ, ಇಲ್ಲೇ ಕೂತಿರಿ ಎಂದು ಹೋದಳು. ಚೌಕದ ಮಧ್ಯದಲ್ಲಿ ಎಂಟು ಹತ್ತು ಜನರ ವಾದ್ಯಮೇಳ. ಅದರ ಮುಂದೆ ವಯಸ್ಸಾದ ಗಂಡಸರು ಹೆಂಗಸರು ಜೋಡಿಜೋಡಿಯಾಗಿ ಕುಣಿಯುತ್ತಿದ್ದರು. ಊರಿನ ಮದುವೆಗಳ ಧೂಳೆಬ್ಬಿಸುವ ಕುಣಿತ ಅದಲ್ಲ. ಒಂದು ಹಾಸುಗಲ್ಲಿನಷ್ಟು ಜಾಗದೊಳಗೇ ಮೆಲ್ಲಗೆ, ಬೆನ್ನು ನೆಟ್ಟಗಿಟ್ಟು, ತುಂಬಿದ ಬಟ್ಟಲು ತುಳುಕಬಾರದು ಎನ್ನುವಂತೆ ತಿರುಗುತ್ತಿದ್ದರು. ಹೆಂಗಸರ ಕೈಯಲ್ಲಿ ಬೀಸಣಿಗೆ, ಗಂಡಸರ ಕಾಲಲ್ಲಿ ಎರಡು ಬಣ್ಣದ ಬೂಟು. ಹಾಡಿನ ನಡುವೆ ಒಂದು ಕಡೆ ವಾದ್ಯ ಇನ್ನೂ ನುಡಿಯುತ್ತಿರುವಾಗಲೇ ಎಲ್ಲರೂ ನಿಂತುಬಿಡುವರು. ಹೆಂಗಸರು ಬೀಸಣಿಗೆ ಬೀಸಿಕೊಳ್ಳುವರು. ಆಮೇಲೆ ಯಾರೂ ಹೇಳದೆಯೇ, ಎಲ್ಲರೂ ಒಟ್ಟಿಗೆ ಮತ್ತೆ ಹೆಜ್ಜೆ ಹಾಕುವರು.

ಮೂವರೂ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಎಪ್ಪತ್ತರ ಹತ್ತಿರದ ಒಬ್ಬ ಗಂಡಸು ಬಂದು ನಿಂತ. ತೆಳ್ಳಗಿದ್ದ, ಕೆನೆಬಣ್ಣದ ಟೋಪಿ ಹಾಕಿದ್ದ. ಟೋಪಿ ತೆಗೆದು, ದೊಮಿತಿಲಾಳ ಮುಂದೆ ಕೈ ಚಾಚಿದ.

"ಒಂದು ಹಾಡು, ತಾವು ಒಪ್ಪಿದ್ರೆ," ಎಂದ.

ದೊಮಿತಿಲಾಳ ಕಿವಿ ಬಿಸಿಯಾಯಿತು. ಆ ಅಂಗೈ ಅವಳ ಮೊಣಕಾಲಿನ ಹತ್ತಿರವೇ ಇತ್ತು. ಉಗುರುಗಳನ್ನು ಶುಭ್ರವಾಗಿ ಕತ್ತರಿಸಿದ್ದ, ನಡುಬೆರಳಲ್ಲಿ ಶಾಯಿಯ ಹಳೆಯ ಕಲೆಯಿತ್ತು. ಏಳಬೇಕು ಎಂದು ಅವಳ ಕಾಲಿಗೆ ಅನ್ನಿಸಿತು. ಅದೇ ಗಳಿಗೆಯಲ್ಲಿ, ಇದನ್ನು ಬೇರೆ ಯಾರಾದರೂ ಮಾಡಿದ್ದರೆ ತಾನು ಗಿರಣಿಯಲ್ಲಿ ಹೇಗೆ ಹೇಳುತ್ತಿದ್ದೆ ಎಂಬುದು ಅವಳಿಗೆ ಪೂರ್ತಿ ಕೇಳಿಸಿತು. ಪದಪದವೂ ಕೇಳಿಸಿತು, ಸಾಲಿನಲ್ಲಿದ್ದವರ ನಗುವೂ ಕೇಳಿಸಿತು.

"ನನ್ನ ಹತ್ರ ಚೀಲ ಇದೆ," ಎಂದಳು.

ಕ್ರಿಸ್ಪಿನಾ ಕುಲುಕಿ ಕುಲುಕಿ ನಕ್ಕಳು. ಆತ ತಲೆಬಾಗಿಸಿ, ಬೇಸರಪಟ್ಟುಕೊಳ್ಳದೆ, ಪಕ್ಕಕ್ಕೆ ಒಂದು ಹೆಜ್ಜೆ ಸರಿದು ಅನ್ಸೆಲ್ಮಾಳತ್ತ ಕೈ ಚಾಚಿದ. ಅನ್ಸೆಲ್ಮಾ ಎದ್ದಳು. ಯಾರ ಮುಖವನ್ನೂ ನೋಡಲಿಲ್ಲ, ಸುಮ್ಮನೆ ಎದ್ದು ಹೋದಳು.

ಮೊದಲ ಹಾಡಿನಲ್ಲಿ ಅವಳಿಗೆ ಹೆಜ್ಜೆ ಕೂಡಲಿಲ್ಲ. ಎಲ್ಲರೂ ನಿಂತಾಗ ಇವಳೊಬ್ಬಳೇ ಹೆಜ್ಜೆ ಹಾಕುತ್ತ ಹೋದಳು. ಆತ ಮೆಲ್ಲಗೆ ತಡೆದು ಏನೋ ಹೇಳಿದ. ಆಗ ಅನ್ಸೆಲ್ಮಾ ನಕ್ಕಳು. ಬೆಂಚಿನವರೆಗೂ ಕೇಳಿಸುವ ನಗು. ಹುಡುಗಿಯಾಗಿದ್ದಾಗ ಹೊಳೆಯಲ್ಲಿ ಬಟ್ಟೆ ಒಗೆಯುವಾಗ ನಗುತ್ತಿದ್ದ ನಗು ಅದು. ಅದಿನ್ನೂ ಅವಳೊಳಗಿದೆಯೆಂದು ದೊಮಿತಿಲಾಳಿಗೆ ಗೊತ್ತಿರಲಿಲ್ಲ. ಎರಡನೆಯ ಹಾಡಿಗೆ ಹೆಜ್ಜೆ ಕೂಡಿತು. ಮೂರನೆಯದಕ್ಕೆ ಆಕೆ ಮೊದಲಿನಿಂದಲೂ ಅಲ್ಲಿಯವಳೇ ಎನ್ನುವಂತಿದ್ದಳು. ಪಕ್ಕದ ಹೆಂಗಸೊಬ್ಬಳು ತನ್ನ ಬೀಸಣಿಗೆ ಕೊಟ್ಟಳು, ಇವಳು ಇಸಿದುಕೊಂಡು ಬೀಸಿಕೊಂಡಳು.

"ನೋಡೇ, ನಮ್ಮ ಅನ್ಸೆಲ್ಮಾನಾ ಇದು," ಎಂದಳು ಕ್ರಿಸ್ಪಿನಾ. ಅವಳ ಕಣ್ಣಲ್ಲಿ ನೀರಾಡುತ್ತಿತ್ತು.

"ಸಾಕು ಇನ್ನು, ಮರಿಸೆಲಾ ಬರ್ತಾಳೆ," ಎಂದಳು ದೊಮಿತಿಲಾ.

ಮೂರನೆಯ ಹಾಡು ಮುಗಿದ ಮೇಲೆ ಆತ ಅನ್ಸೆಲ್ಮಾಳನ್ನು ಬೆಂಚಿನ ತನಕ ಬಿಟ್ಟು, ಮೂವರಿಗೂ ವಂದಿಸಿ, ಟೋಪಿ ಹಾಕಿಕೊಂಡು ಹೊರಟುಹೋದ. ಹೆಸರು ಕೇಳಲಿಲ್ಲ, ಹೇಳಲೂ ಇಲ್ಲ. ಮಾರನೆಯ ದಿನ ಜ್ಞಾನಸ್ನಾನವಾಯಿತು. ಸೋಮವಾರ ಬೆಳಿಗ್ಗೆ ಬಸ್ ಹತ್ತಿದರು.

ಊರು ಹತ್ತಿರವಾದಂತೆ, ಕ್ರಿಸ್ಪಿನಾ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾಗ, ಅನ್ಸೆಲ್ಮಾ ದೊಮಿತಿಲಾಳ ಪಕ್ಕಕ್ಕೆ ಬಂದು ಕೂತಳು.

"ದೊಮೀ, ಒಂದು ಮಾತು. ಶನಿವಾರದ್ದು ಗಿರಣೀಲಿ ಹೇಳ್ಬೇಡ."

"ನಾನ್ಯಾಕೆ ಹೇಳ್ಲೇ."

"ಕ್ರಿಸ್ಪಿನಾಗೆ ಹೇಳ್ಬೇಕಾಗಿಲ್ಲ. ನಿನಗೆ ಹೇಳ್ಬೇಕು."

"ನಮ್ಮಮ್ಮನಾಣೆ, ಹೇಳಲ್ಲ."

ಅನ್ಸೆಲ್ಮಾ ಅವಳ ಕೈಯನ್ನು ಒಮ್ಮೆ ಒತ್ತಿ, ಮತ್ತೆ ಕಿಟಕಿಯತ್ತ ತಿರುಗಿದಳು. ಹೊರಗೆ ಕಳ್ಳಿಗಳು, ಕೆಂಪು ಬಯಲು. ಅವಳು ನೋಡುತ್ತಿದ್ದುದು ಅವನ್ನಲ್ಲ ಎಂದು ದೊಮಿತಿಲಾಳಿಗೆ ಗೊತ್ತಾಗುತ್ತಿತ್ತು.

ಮೊದಲ ಮೂರು ದಿನ ಗಿರಣಿಯಲ್ಲಿ ಜಾತ್ರೆ. ಹೊಸ ಗಿರಣಿಯ ಗಿರಾಕಿಗಳೂ ಬಕೆಟ್ಟು ಹಿಡಿದು ಬಂದರು. ದೊಮಿತಿಲಾ ಮೆಟ್ರೊ ಹೇಳಿದಳು, ಚಮಚದ ಹುಡುಗಿಯನ್ನು ಹೇಳಿದಳು, ವಾಲಿದ ಚರ್ಚನ್ನು ತಾನೇ ಬಗ್ಗಿ ನಿಂತು ತೋರಿಸಿದಳು. ನಾಲ್ಕನೆಯ ದಿನ ನಗು ಕಡಿಮೆಯಾಯಿತು. ಐದನೆಯ ದಿನ ಬೇಲಿಯಂಚಿನ ಮನೆಯ ಚೋಲೆ, ಸೆರಗಿನಂತೆ ಹೊದ್ದ ಶಾಲಿನಿಂದ ಮೂಗು ಒರೆಸಿಕೊಂಡು, "ಮೆಟ್ರೊ ಕಥೆ ನಮ್ಮ ಮೈದುನನೂ ಹೇಳ್ತಾನೆ ಬಿಡಿ. ನಾಲ್ಕು ದಿನ ಇದ್ದು ಇಷ್ಟೇನಾ ನೋಡಿದ್ದು?" ಎಂದಳು.

ದೊಮಿತಿಲಾ ಜೋಳವನ್ನು ಯಂತ್ರದ ಬಾಯಿಗೆ ಸುರಿಯುತ್ತಿದ್ದಳು. ತಡೆದುಕೊಳ್ಳಬಹುದಿತ್ತು. ಆಮೇಲೆ ಎಷ್ಟೋ ಸಲ ಅವಳು ಆ ಗಳಿಗೆಯನ್ನು ನೆನೆಸಿಕೊಂಡಿದ್ದಾಳೆ: ಯಂತ್ರ ಓಡುತ್ತಿತ್ತು, ಏನೂ ಕೇಳಿಸಲಿಲ್ಲವೆಂಬಂತೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಹನ್ನೊಂದು ಮುಖಗಳು ಅವಳತ್ತ ತಿರುಗಿದ್ದವು, ಅದರಲ್ಲಿ ಎರಡು ಆಗಲೇ ಬೇರೆಡೆಗೆ ಹೊರಳುತ್ತಿದ್ದವು.

"ಇನ್ನೂ ಇದೆ. ಆದರೆ ಹೆಸರು ಕೇಳ್ಬಾರ್ದು," ಎಂದಳು.

ಹೆಸರು ಕೇಳುವ ಅಗತ್ಯವೇ ಬೀಳಲಿಲ್ಲ. ಹೋದವರು ಮೂವರು. ಕ್ರಿಸ್ಪಿನಾಳ ಮೈಗೆ ಯಾವ ಗಂಡಸಿನ ತೋಳೂ ಸುತ್ತದು, ದೊಮಿತಿಲಾ ಹೇಳುತ್ತಿರುವವಳು. ಅವಳು ಟೋಪಿಯನ್ನು ಹೇಳಿದಳು, ಎರಡು ಬಣ್ಣದ ಬೂಟನ್ನು ಹೇಳಿದಳು, ಬೆನ್ನ ಮೇಲೆ ಇಟ್ಟ ಕೈಯನ್ನು ಹೇಳಿದಳು. ಮೊದಲು ಆತ ತನ್ನನ್ನು ಕೇಳಿದ್ದನ್ನು ಹೇಳಲಿಲ್ಲ. ಸಾಲು ಉಸಿರು ಬಿಗಿಹಿಡಿದಿತ್ತು. ಆ ಮೌನ ಎಷ್ಟು ರುಚಿಯಾಗಿತ್ತೆಂದರೆ ಅವಳು ಇದ್ದದ್ದರ ಆಚೆಗೂ ಹೋದಳು. ಕಣ್ಣು ಮುಚ್ಚಿಕೊಂಡು ಕುಣಿದಳು ಎಂದಳು. ಆಮೇಲೆ, ಸೋಮವಾರ ಬೆಳಿಗ್ಗೆ ಬಸ್ ಹೊರಡುವಾಗ ಕಂಬದ ಹಿಂದೆ ಆ ಟೋಪಿ ಕಾಣಿಸಿತು ಎಂದಳು.

ಅಷ್ಟು ಚೆನ್ನಾಗಿ ಅವಳು ಯಾವತ್ತೂ ಕಥೆ ಹೇಳಿರಲಿಲ್ಲ.

ಮಧ್ಯಾಹ್ನದೊಳಗೆ ಅದು ಊರೆಲ್ಲ ತಿರುಗಿತು. ಟೋಪಿಯವನು ಮದುವೆಯಾದವನಾದ, ಕಾಗದ ಬರೆಯುವವನಾದ, ವಿಳಾಸ ಕೊಟ್ಟವನಾದ. ಭಾನುವಾರ ಪೂಜೆ ಮುಗಿದ ಮೇಲೆ ಪೀಠಸೇವೆಯ ಹೆಂಗಸರ ಮುಖ್ಯಸ್ಥೆ ಅನ್ಸೆಲ್ಮಾಳನ್ನು ಪಕ್ಕಕ್ಕೆ ಕರೆದು, ಬೀರುವಿನ ಕೀಲಿಕೈ ಸ್ವಲ್ಪ ದಿನ ತಮ್ಮ ಹತ್ತಿರವೇ ಇರಲಿ ಎಂದಳು. ಅನ್ಸೆಲ್ಮಾ ಕೊರಳಿನಿಂದ ದಾರ ತೆಗೆದು ಕೊಟ್ಟಳು. ದೋನ್ಯಾ ಬ್ರಿಹಿದಾ ಸೊಸೆಯ ಮಂಚದ ಪಕ್ಕದಲ್ಲಿದ್ದ ಮಗನ ಪಟವನ್ನು ತೆಗೆದುಕೊಂಡು ಹೋಗಿ ತನ್ನ ಕೋಣೆಯಲ್ಲಿಟ್ಟುಕೊಂಡಳು. ಇದನ್ನೆಲ್ಲ ದೊಮಿತಿಲಾಳಿಗೆ ಹೇಳಿದವಳು ಕ್ರಿಸ್ಪಿನಾ. ಬ್ರೆಡ್ಡಿನ ಬುಟ್ಟಿಯನ್ನು ಗಿರಣಿಯ ಕಟ್ಟೆಯ ಮೇಲೆ ಕುಕ್ಕಿ, ಒಂದೇ ಉಸಿರಿಗೆ ಹೇಳಿದಳು.

"ಕಂಬದ ಹಿಂದೆ ಯಾರಿದ್ರೇ? ನಾನೂ ಅಲ್ಲೇ ಇದ್ದೆ. ಯಾರಿದ್ರು ಹೇಳು."

"ಮಾತಿಗೆ ಮಾತು ಬಂತು..."

"ಅವಳು ಹದಿನಾಲ್ಕು ವರ್ಷದಲ್ಲಿ ಒಂದು ಮಧ್ಯಾಹ್ನ ನಕ್ಕಿದ್ದು ಕಣೇ. ಒಂದು ಮಧ್ಯಾಹ್ನ. ಅದನ್ನೂ ಬೀಸಿ ಹಂಚಿಬಿಟ್ಯಲ್ಲ."

ಬುಟ್ಟಿ ಎತ್ತಿಕೊಂಡು ಹೋದವಳು ಅದರ ನಂತರ ಎಷ್ಟೋ ತಿಂಗಳು ಗಿರಣಿಯ ಬೀದಿಗೇ ಬರಲಿಲ್ಲ.

ಸೋಮವಾರ ಅನ್ಸೆಲ್ಮಾ ಎಂದಿನಂತೆ ಬಕೆಟ್ಟು ಹಿಡಿದು ಬಂದಳು. ಸಾಲಿನಲ್ಲಿ ಮಾತು ನಿಂತಿತು. ತನ್ನ ಸರದಿ ಬರುವವರೆಗೂ ಅವಳು ಗೋಡೆಯ ಕಡೆ ನೋಡುತ್ತ ನಿಂತಿದ್ದಳು. ದೊಮಿತಿಲಾ ಅವಳ ಬಕೆಟ್ಟಿಗೆ ಕೈ ಚಾಚಿದಳು.

"ಸ್ವಲ್ಪ ನುಣ್ಣಗೆ ಬೀಸಿಕೊಡಿ, ದೋನ್ಯಾ ದೊಮಿತಿಲಾ," ಎಂದಳು ಅನ್ಸೆಲ್ಮಾ.

ಏಳು ವರ್ಷದವರಿದ್ದಾಗಿನಿಂದ ಇಬ್ಬರೂ ಹೋಗೇ ಬಾರೇ ಎಂದುಕೊಂಡೇ ಬೆಳೆದವರು. ದೊಮಿತಿಲಾ ಎರಡು ಸಲ ಬೀಸಿ, ಕಣಕವನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಅದೇ ಕೊನೆ. ಅದರ ನಂತರ ಅನ್ಸೆಲ್ಮಾ ಗಿರಣಿಗೆ ಬರಲಿಲ್ಲ, ಹೊಸ ಗಿರಣಿಗೂ ಹೋಗಲಿಲ್ಲ. ಹಿತ್ತಲಿನಲ್ಲಿ ಅಜ್ಜಿಯ ಕಾಲದ ಅರೆಯುವ ಕಲ್ಲು ಬಿದ್ದಿತ್ತು, ಅದನ್ನು ತೊಳೆದು ಮೊಣಕಾಲೂರಿ ಕೈಯಲ್ಲೇ ಅರೆಯತೊಡಗಿದಳು. ಆ ಬೀದಿಯಲ್ಲಿ ಹೋಗುವವರಿಗೆ ಕಲ್ಲಿನ ಮೇಲೆ ಕಲ್ಲು ಎಳೆಯುವ ಸದ್ದು ಕೇಳಿಸುತ್ತಿತ್ತು.

ಹದಿನೈದು ದಿನ ದೊಮಿತಿಲಾ ಒದ್ದಾಡಿದಳು. ಒಂದು ಮಧ್ಯಾಹ್ನ ಗಿರಣಿ ಮುಚ್ಚಿ ಅನ್ಸೆಲ್ಮಾಳ ಮನೆಗೆ ಹೋದಳು. ದೋನ್ಯಾ ಬ್ರಿಹಿದಾ ಬಾಗಿಲು ತೆರೆದು, ಗದ್ದದಿಂದಲೇ ಹಿತ್ತಲು ತೋರಿಸಿದಳು. ಅನ್ಸೆಲ್ಮಾ ನೆರಳಲ್ಲಿ ಕೂತು, ಮರದ ಚೌಕಟ್ಟಿಗೆ ಬಿಗಿದ ಬಟ್ಟೆಯಿಂದ ಎಳೆ ಕೀಳುತ್ತಿದ್ದಳು.

"ಕೂತ್ಕೊಳ್ಳಿ."

"ಹಾಗನ್ಬೇಡ ಕಣೇ. ಬೈಯಿ ಬೇಕಾದ್ರೆ. ಕೈಗೆ ಸಿಕ್ಕಿದ್ದು ತಗೊಂಡು ಹೊಡಿ."

"ಬೈಯೋಕೇನಿದೆ. ತುಂಬ ಚೆನ್ನಾಗಿ ಹೇಳಿದ್ರಂತೆ. ಚೋಲೆ ನನ್ನ ಹತ್ರಾನೇ ಬಂದು ಹೇಳಿದ್ಲು, ಕಣ್ಣಿಗೆ ಕಟ್ದಂಗಿತ್ತು ಅಂತ."

ದೊಮಿತಿಲಾ ಕೋಳಿಗಳ ನಡುವೆ ನಿಂತೇ ಇದ್ದಳು. "ತಪ್ಪಾಯ್ತು ಕಣೇ. ನಾಲಿಗೆ ಸುಟ್ಕೊಂಡ್ರೂ ಸಾಲಲ್ಲ. ನಾನು ಎಲ್ಲರ ಮುಂದೆ ಹೇಳ್ತೀನಿ, ಸುಳ್ಳು ಅಂತ."

"ಸುಳ್ಳಲ್ವಲ್ಲ. ನಾನು ಕುಣಿದೆ." ಅನ್ಸೆಲ್ಮಾ ಒಂದು ಎಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಕಣ್ಣು ಮುಚ್ಚಿದ್ದೆ ಅಂದ್ರಂತೆ. ಮುಚ್ಚಿರ್ಲಿಲ್ಲ. ಎಲ್ಲ ನೋಡ್ಬೇಕು ಅನ್ನಿಸ್ತಿತ್ತು, ಯಾಕೆ ಮುಚ್ಚಲಿ. ಇನ್ನು ಬಸ್ಸಿನ ಹತ್ರ ಆ ಮನುಷ್ಯ ಬಂದಿದ್ನಂತೆ. ನನಗೆ ಕಾಣಿಸ್ಲೇ ಇಲ್ಲ, ನಿಮಗೆ ಕಾಣಿಸ್ತು."

ಅನ್ಸೆಲ್ಮಾ ಇನ್ನೊಂದು ಎಳೆ ಕಿತ್ತಳು.

"ಮೊದಲು ನಿಮ್ಮನ್ನೇ ಕರೆದಿದ್ದು. ಅದೊಂದು ಬಿಟ್ಟುಬಿಟ್ರಿ."

ಒಳಗೆ ದೋನ್ಯಾ ಬ್ರಿಹಿದಾ ಕೆಮ್ಮಿದಳು. ಅನ್ಸೆಲ್ಮಾ ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ.

"ಬಂದ ಮೇಲೆ ನಾನು ದಿನಾ ಬೆಳಿಗ್ಗೆ ಕಾಫಿ ಕಾಯಿಸೋವಾಗ ಅದನ್ನ ಸ್ವಲ್ಪ ತೆಗೆದು ನೋಡಿ, ಮತ್ತೆ ಒಳಗಿಡ್ತಿದ್ದೆ. ಎಲ್ಲರೂ ನಿಂತಾಗ ನಾನೊಬ್ಬಳೇ ಕುಣೀತಾ ಹೋಗಿದ್ದು, ಆ ಹೆಂಗಸು ಬೀಸಣಿಗೆ ಕೊಟ್ಟಿದ್ದು. ಒಂದು ತಿಂಗಳಿಗಾಗತ್ತೆ, ಒಂದು ವರ್ಷಕ್ಕಾಗತ್ತೆ ಅಂದ್ಕೊಂಡಿದ್ದೆ. ಈಗ ತೆಗೆದ್ರೆ ಚೋಲೆ ನಗು ಕೇಳ್ಸತ್ತೆ. ಕೀಲಿಕೈ ಹೋಗಿದ್ದು ಹೋಗ್ಲಿ. ಅತ್ತೆಗೆ ವಯಸ್ಸಾಗಿದೆ. ಇದು ಮಾತ್ರ..." ಅವಳು ಸೂಜಿಗೆ ದಾರ ಪೋಣಿಸಿಕೊಂಡು ಹೊಲಿಗೆ ಮುಂದುವರಿಸಿದಳು.

ದೊಮಿತಿಲಾ ಕೋಳಿಗಳನ್ನು ದಾಟಿಕೊಂಡು ಹೊರಟು ಬಂದಳು.

ಮಾರನೆಯ ಬೆಳಿಗ್ಗೆ ಅವಳು ಯಂತ್ರ ನಿಲ್ಲಿಸಿ, ಸಾಲಿನಲ್ಲಿದ್ದವರಿಗೆಲ್ಲ ಕೇಳಿಸುವಂತೆ ನಿಜ ಹೇಳಿದಳು. ಕಂಬದ ಹಿಂದೆ ಯಾರೂ ಇರಲಿಲ್ಲ, ತಾನೇ ಕಟ್ಟಿದ್ದು. ಆತ ಮೊದಲು ಕೈ ಚಾಚಿದ್ದು ತನ್ನ ಕಡೆಗೆ. ತನಗೂ ಏಳಬೇಕೆನ್ನಿಸಿತ್ತು, ಧೈರ್ಯ ಬರಲಿಲ್ಲ. ಅನ್ಸೆಲ್ಮಾ ಎದ್ದಳು, ಮೂರು ಹಾಡು ಕುಣಿದಳು, ಬಂದು ಕೂತಳು, ಅಷ್ಟೇ.

ಮೊದಲ ಬಾರಿಗೆ ಅವಳ ಮಾತಿನಲ್ಲಿ ಒಂದು ಅಲಂಕಾರವೂ ಇರಲಿಲ್ಲ. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು.

"ಗೆಳತಿನ ಉಳಿಸೋಕೆ ಏನೆಲ್ಲ ಹೇಳ್ತೀರಪ್ಪ," ಎಂದಳು ಒಬ್ಬಳು.

"ದೋನ್ಯಾ ದೊಮಿತಿಲಾಗೂ ಆಸೆ ಇತ್ತು ನೋಡ್ರೇ," ಎಂದಳು ಚೋಲೆ. ನಗು ಎದ್ದಿತು. "ಯಂತ್ರ ಹಾಕಿ, ಹೊತ್ತಾಯ್ತು. ಮೊದಲು ಹೇಳಿದ್ದೇ ಚೆನ್ನಾಗಿತ್ತು."

ಫೆಬ್ರವರಿಯಲ್ಲಿ ಅನ್ಸೆಲ್ಮಾ ಊರು ಬಿಟ್ಟಳು. ಅಗ್ವಾಸ್‌ಕಾಲಿಯೆಂತೆಸ್ ಪಟ್ಟಣದ ಕಸೂತಿ ಕಾರ್ಖಾನೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಅತ್ತೆಯನ್ನು ನೋಡಿಕೊಳ್ಳಲು ನಾದಿನಿಯೊಬ್ಬಳು ಬಂದಳು. ಊರಿನವರ ಮಾತೇ ಬೇರೆ: ಅನ್ಸೆಲ್ಮಾ ರಾಜಧಾನಿಗೆ ಹೋದಳು, ಟೋಪಿಯವನ ಹತ್ತಿರ. ದೊಮಿತಿಲಾ ಅಲ್ಲ ಎಂದಷ್ಟೂ ಅದು ಗಟ್ಟಿಯಾಗುತ್ತಿತ್ತು, ಕೊನೆಗೆ ಅಲ್ಲ ಎನ್ನುವುದನ್ನೂ ಬಿಟ್ಟಳು.

ಗಿರಣಿಯಲ್ಲಿ ಅವಳು ಕಥೆ ಹೇಳುವುದೂ ನಿಂತಿತು. ಶಪಥವನ್ನೇನೂ ಮಾಡಿರಲಿಲ್ಲ, ಒಂದು ಸಂಗತಿಯನ್ನು ಎತ್ತಿಕೊಂಡರೆ ಅದು ಯಾರ ಮನೆಯದು ಎಂಬುದೇ ಮೊದಲು ಕಾಣಿಸುತ್ತಿತ್ತು, ಮಾತು ಅಲ್ಲಿಗೇ ಒಣಗುತ್ತಿತ್ತು. ಸಾಲು ಮೆಲ್ಲಮೆಲ್ಲಗೆ ಸಣ್ಣದಾಯಿತು. ಕಥೆ ಇಲ್ಲದ ಮೇಲೆ ನುಣ್ಣನೆ ಕಣಕವಾದರೂ ಸಿಗಲಿ ಎಂದು ಜನ ಹೊಸ ಗಿರಣಿಗೆ ಹೋದರು. ಏನಾಯ್ತೇ ನಿನಗೆ, ಎಂದು ಇಲಾರಿಯೊ ಕೇಳಿದ. ಗಂಟಲು ನೋವು ಎಂದಳು. ಅವನಿಗೆ ಕೇಳಿಸಿತೋ ಇಲ್ಲವೋ.

ರಾಜಧಾನಿಯನ್ನು ನೆನೆಸಿಕೊಳ್ಳಲು ಅವಳು ಎಷ್ಟೋ ಸಲ ಯತ್ನಿಸಿದಳು. ನಾಲ್ಕು ದಿನ ತಾನೂ ಅಲ್ಲಿದ್ದವಳೇ ತಾನೆ. ಮೆಟ್ರೊ ನೆನೆಸಿಕೊಂಡರೆ ಮೆಟ್ರೊ ಬರುತ್ತಿರಲಿಲ್ಲ, ತಾನು ಅದನ್ನು ಹೇಳಿದ ರೀತಿ ಬರುತ್ತಿತ್ತು. ಚರ್ಚು ಎಂದರೆ ತಾನು ಬಗ್ಗಿ ನಿಂತದ್ದು, ಹೆಂಗಸರು ನಕ್ಕದ್ದು. ಪಾರಿವಾಳದ ಮುದುಕನನ್ನು ಅನ್ಸೆಲ್ಮಾ ಮೂರು ಬೆಳಗು ನೋಡಿದ್ದಳು. ದೊಮಿತಿಲಾ ಆ ಮಾಳಿಗೆಯತ್ತ ಒಮ್ಮೆ ಕಣ್ಣು ಹಾಯಿಸಿ, ಇದರಲ್ಲಿ ಹೇಳುವಂಥದ್ದೇನಿದೆ ಎಂದು ತಿರುಗಿದ್ದಳು. ಹೇಳದೆ ಉಳಿದದ್ದು ಒಂದೇ ಒಂದು, ಶಾಯಿಯ ಕಲೆಯಿದ್ದ ಆ ಅಂಗೈ. ಅದೊಂದು ಮಾತ್ರ ಅವಳ ಮನಸ್ಸಿನಲ್ಲಿ ಇದ್ದ ಹಾಗೇ ಇತ್ತು. ಕೆಲವು ಸಲ ಕಣಕ ಸುತ್ತುತ್ತಿರುವಾಗ ಅದು ಕಣ್ಣ ಮುಂದೆ ಬರುತ್ತಿತ್ತು, ಏಳಬೇಕೆಂಬ ಆ ಕಾಲಿನ ಸೆಳೆತವೂ ಬರುತ್ತಿತ್ತು. ಎದ್ದಿದ್ದರೆ ಇಬ್ಬರೂ ಕುಣಿದಿರುತ್ತಿದ್ದೆವು, ಇಬ್ಬರಿಗೂ ಮುಚ್ಚಿಡಲು ಒಂದೇ ಗುಟ್ಟು ಇರುತ್ತಿತ್ತು ಎಂದುಕೊಳ್ಳುವಳು.

ಮುಂದಿನ ವರ್ಷ ಕ್ರಿಸ್ಪಿನಾ ಒಂದು ದಿನ ಬ್ರೆಡ್ಡಿನ ಬುಟ್ಟಿ ಹೊತ್ತು ಗಿರಣಿಯ ಬಾಗಿಲಲ್ಲಿ ನಿಂತಳು.

"ಅಗ್ವಾಸ್‌ಕಾಲಿಯೆಂತೆಸ್‌ಗೆ ಹೋಗ್ತಿದೀನಿ, ಅವಳನ್ನ ನೋಡೋಕೆ. ಬರೋದಾದ್ರೆ ಬಾ. ಬಾ ಅಂತ ಅವಳು ಹೇಳಿಲ್ಲ, ಬೇಡ ಅಂತಾನೂ ಹೇಳಿಲ್ಲ."

ಕಾರ್ಖಾನೆಯ ಬಾಗಿಲಿಗೆ ಅನ್ಸೆಲ್ಮಾ ಬಂದಾಗ ದೊಮಿತಿಲಾಳಿಗೆ ತಕ್ಷಣ ಗುರುತು ಹತ್ತಲಿಲ್ಲ. ಹಸಿರು ರವಿಕೆ ತೊಟ್ಟಿದ್ದಳು, ಕೂದಲು ಮೋಟು ಮಾಡಿಸಿದ್ದಳು, ಕನ್ನಡಕ ಬಂದಿತ್ತು. ಕ್ರಿಸ್ಪಿನಾಳನ್ನು ತಬ್ಬಿಕೊಂಡಳು. ದೊಮಿತಿಲಾಳ ಕೈ ಹಿಡಿದು, "ಬನ್ನಿ, ಕಾಫಿ ಕುಡಿಯೋಣ," ಎಂದಳು. ತಾನು ಬಾಡಿಗೆಗಿದ್ದ ಕೋಣೆಗೆ ಕರೆದೊಯ್ದಳು. ಒಂದು ಮಂಚ, ಒಂದು ಒಲೆ, ಕಿಟಕಿಯಲ್ಲಿ ತುಳುಕುವಷ್ಟು ಬಿಸಿಲು. ಅತ್ತೆಯ ಮೊಣಕಾಲು, ಕ್ರಿಸ್ಪಿನಾಳ ಒಲೆ, ಇಲಾರಿಯೊನ ಕಿವಿ ಎಲ್ಲದರ ಬಗ್ಗೆಯೂ ಕೇಳಿದಳು. ತಾನು ಹೊಲಿಯುತ್ತಿದ್ದ ಮದುವೆಯ ಮೇಜುಬಟ್ಟೆಯನ್ನು ಬಿಡಿಸಿ ತೋರಿಸಿದಳು. ಕೆಲಸ ಹೇಗಿದೆ ಎಂದರೆ ಚೆನ್ನಾಗಿದೆ ಎಂದಳು, ಸಂಜೆ ಏನು ಮಾಡುತ್ತೀಯ ಎಂದು ಕ್ರಿಸ್ಪಿನಾ ಕೇಳಿದರೆ, "ಹೊರಗೆ ಹೋಗ್ತೀನಿ, ಬರ್ತೀನಿ," ಎಂದು ನಕ್ಕು ಸಕ್ಕರೆಯ ಡಬ್ಬಿ ಮುಂದಕ್ಕೆ ಸರಿಸಿದಳು. ಎಲ್ಲಿಗೆ ಎಂದು ಹೇಳಲಿಲ್ಲ. ದೊಮಿತಿಲಾಳಿಗೆ ಅರ್ಥವಾಯಿತು. ತಾನು ಇಲ್ಲದಿದ್ದರೆ ಅವಳು ಹೇಳುತ್ತಿದ್ದಳು. ಕೋಣೆಯ ಬಾಗಿಲಿನ ಹಿಂದೆ ಯಾವ ಬಟ್ಟೆ ನೇತಾಡುತ್ತಿದೆ, ಮಂಚದ ಕೆಳಗೆ ಎಂಥ ಚಪ್ಪಲಿಗಳಿವೆ ಎಂದು ನೋಡಬಾರದೆಂದು, ಕೂತಷ್ಟು ಹೊತ್ತೂ ಕಾಫಿಯ ಲೋಟವನ್ನೇ ನೋಡುತ್ತಿದ್ದಳು.

ಹೊರಡುವಾಗ ಬಾಗಿಲಲ್ಲಿ ನಿಂತು, "ಮತ್ತೊಮ್ಮೆ ಬರಲಾ?" ಎಂದು ಕೇಳಿದಳು.

ಅನ್ಸೆಲ್ಮಾ ಸ್ವಲ್ಪ ಯೋಚಿಸಿದಳು. "ಕ್ರಿಸ್ಪಿನಾ ಬಂದಾಗ ಬನ್ನಿ," ಎಂದಳು.

ಬಸ್ಸಿನಲ್ಲಿ ಕ್ರಿಸ್ಪಿನಾ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ದೊಮಿತಿಲಾ ಎಚ್ಚರವಿದ್ದಳು. ಮಾರನೆಯ ಬೆಳಿಗ್ಗೆ ಗಿರಣಿಯಲ್ಲಿ ಐದಾರು ಹೆಂಗಸರು ಅಷ್ಟೆ. ಇವರು ಹೋಗಿಬಂದ ಸುದ್ದಿ ಆಗಲೇ ಅವರಿಗೆ ಮುಟ್ಟಿತ್ತು. ಚೋಲೆ ಬಕೆಟ್ಟನ್ನು ಕೆಳಗಿಡುವ ಮೊದಲೇ ಕೇಳಿದಳು:

"ಸಿಕ್ಕಿದ್ಲಾ? ಹೇಗಿದಾಳೆ? ಅವನೂ ಇದ್ನಾ?"

"ಚೆನ್ನಾಗಿದಾಳೆ," ಎಂದಳು ದೊಮಿತಿಲಾ.

"ಅಷ್ಟೇನಾ?"

"ಅಷ್ಟೇ."

ಯಂತ್ರ ಚಾಲೂ ಮಾಡಿ, ಚೋಲೆಯ ಜೋಳವನ್ನು ಅದರ ಬಾಯಿಗೆ ಸುರಿದಳು. ಗದ್ದಲದಲ್ಲಿ ಅವರ ಮಾತು ಅವಳಿಗೆ ಕೇಳಿಸುತ್ತಿರಲಿಲ್ಲ, ಆದರೆ ತಲೆಗಳು ಒಂದರ ಹತ್ತಿರ ಒಂದು ಬರುತ್ತಿರುವುದು ಕಾಣಿಸುತ್ತಿತ್ತು. ಅವಳು ಹೇಳದೆ ಬಿಟ್ಟದ್ದನ್ನು ಅವರೇ ಕಟ್ಟಿಕೊಳ್ಳತೊಡಗಿದ್ದರು.